ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನಲ್ಲಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆ, ಬರಹ ಚೆನ್ನಾಗಿ ಬರುತ್ತದೆ ಎಂದು ಬುದ್ಧಿ ಹೇಳುವವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಳೆದ ಮಳೆಗಾಲದಲ್ಲಿ ಅವರ ಮಾತು ಕೇಳಿದೆ. ಸಿಟ್ಟು ಇಳಿಸಿಕೊಂಡು ಮೆತ್ತಗೆ ಬರೆದೆ. ಈಗ ಎಪ್ಪತ್ತೆರಡು ವರ್ಷದ ಪುಟ್ಟತಾಯಮ್ಮ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎಡಗೈಯಲ್ಲಿ ಊಟ ಮಾಡುತ್ತಿದ್ದಾರೆ. ಆದ್ದರಿಂದ ಈ ಸಲ ಇಳಿಸಿಕೊಳ್ಳುವುದಿಲ್ಲ.

ನನ್ನ ಹೆಸರು ಕುಸುಮಾ, ವಯಸ್ಸು ನಲವತ್ತೊಂಬತ್ತು. ಮಿಕ್ಸಿ ರಿಪೇರಿ ಮಾಡುವವಳು. ಅಪ್ಪ ನಡೆಸುತ್ತಿದ್ದ ಅಂಗಡಿ ಅವರ ನಂತರ ನನ್ನ ಕೈಗೆ ಬಂತು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಬಾಗಿಲೇ ಮನೆಯ ಬಾಗಿಲು. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಏನು ತಂದುಕೊಟ್ಟರೂ ಬಿಚ್ಚುತ್ತೇನೆ. ಬಿಚ್ಚಿದಾಗ ಒಳಗೆ ಕಂಡದ್ದನ್ನು ನಾಲ್ಕು ವರ್ಷದಿಂದ ಇಂಟರ್ನೆಟ್ಟಿನಲ್ಲಿ ಬರೆಯುತ್ತಾ ಬಂದಿದ್ದೇನೆ. ನನ್ನ ಬ್ಲಾಗಿನ ಹೆಸರು ‘ಬಿಚ್ಚಿ ನೋಡಿದ್ದು’. ತಾಮ್ರ ಎಂದು ಹೇಳಿ ಅಲ್ಯುಮಿನಿಯಂ ತಂತಿ ಸುತ್ತಿದ ಮೋಟಾರು, ಹೊರಗೆ ಸ್ಟೀಲಿನ ಹೊಳಪು, ಒಳಗೆ ಪ್ಲಾಸ್ಟಿಕ್ಕಿನ ಹಲ್ಲು ಇರುವ ಗ್ರೈಂಡರು, ಇಂಥವನ್ನೆಲ್ಲ ಫೋಟೊ ತೆಗೆದು ಹೆಸರು ಸಮೇತ ಹಾಕುತ್ತಿದ್ದೆ. ಮಿಕ್ಸಿ ಸುಟ್ಟುಹೋದರೆ ಅದು ರುಬ್ಬಿದವಳ ತಪ್ಪಲ್ಲ ಎಂದು ಗೊತ್ತಾದರೆ ಹೆಂಗಸರಿಗೆ ಅಷ್ಟು ಬೈಗುಳವಾದರೂ ತಪ್ಪೀತು ಎಂದು ನನ್ನ ಆಸೆ.

ನಮ್ಮ ಊರಿನಲ್ಲಿ ಯಾರಾದರೂ ನಿಮ್ಮ ಬರಹವನ್ನು ಫೋನಿನಲ್ಲಿ ತೆರೆದು ಓದತೊಡಗಿದರೆ ಅವರ ಚಪ್ಪಲಿ ನಿಮ್ಮ ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ಓದಿ ಮುಗಿಸಿದೊಡನೆ ಇದ್ದ ಜಾಗಕ್ಕೆ ವಾಪಸು ಹೋಗುತ್ತದೆ. ತಲೆಬರಹ ನೋಡಿ ಮುಂದೆ ಹೋಗುವವರ ಚಪ್ಪಲಿ ನೆಲ ಮುಟ್ಟುವುದೂ ಇಲ್ಲ, ಬಂದ ಹಾಗೆ ಕಂಡು ಮಾಯವಾಗುತ್ತದೆ. ಪೂರ್ತಿ ಓದುವವರದು ಹಿಮ್ಮಡಿ ಜೋಡಿಸಿಕೊಂಡು ನಿಂತಿರುತ್ತದೆ. ಬೇಸಿಗೆಯಲ್ಲಿ ರಸ್ತೆ ಮೇಲೆ ನಡೆಯುತ್ತಾ ಓದುವ ದಡ್ಡರು ನಮ್ಮಲ್ಲಿಲ್ಲ. ಬಸ್ಸಿನಲ್ಲಿ ಬರಿಗಾಲಲ್ಲಿ ಕೂತವರನ್ನು ಕಂಡರೆ ಪಕ್ಕದವರು “ಯಾರದ್ದು ಓದ್ತಿದೀರಿ?” ಎಂದು ವಿಚಾರಿಸುತ್ತಾರೆ, ಅದು ಊಟ ಆಯಿತಾ ಎಂದು ಕೇಳಿದ ಹಾಗೆ. ಮರ್ಯಾದಸ್ಥ ಬರಹಗಾರರು ಬಾಗಿಲ ಮುಂದೆ ತಗಡಿನ ಚಪ್ಪರ ಹಾಕಿಸಿರುತ್ತಾರೆ, ಏಕೆಂದರೆ ಓದುಗರ ಚಪ್ಪಲಿಯನ್ನು ಮಳೆಯಲ್ಲಿ ನೆನೆಸಿ ಕಳಿಸಿದವರನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಒಮ್ಮೆ ಗ್ರೈಂಡರ್ ಮಾರುವ ಒಬ್ಬ ಆಸಾಮಿ ನನ್ನ ಬರಹ ಅರ್ಧ ಓದಿ, ಕೋಪ ತಡೆಯಲಾರದೆ, ಬರಿಗಾಲಲ್ಲೇ ನನ್ನ ಮನೆಗೆ ಬಂದ. ಬಾಗಿಲಲ್ಲಿದ್ದ ತನ್ನ ಚಪ್ಪಲಿ ಮೆಟ್ಟಿದ್ದೇ ತಡ, ಅವನ ಫೋನಿನಲ್ಲಿ ಪುಟ ಮುಚ್ಚಿಕೊಂಡಿತು. ಯಾವ ಸಾಲಿಗೆ ಸಿಟ್ಟು ಬಂತೆಂದು ತೋರಿಸಲಾಗದೆ ಸ್ವಲ್ಪ ಹೊತ್ತು ನಿಂತು, ಮನೆಗೆ ಹೋದ.

ಇದರಿಂದ ಆಗಿರುವುದೇನೆಂದರೆ, ಯಾರು ಯಾರನ್ನು ಓದುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಕದ್ದು ಓದುವುದು ಸಾಧ್ಯವಿಲ್ಲ. ಇನ್ನೊಂದು ಕೆಟ್ಟ ಚಾಳಿಯೂ ಬೆಳೆದಿದೆ. ಒಬ್ಬರು ಬರೆದದ್ದು ನಿಜವೋ ಸುಳ್ಳೋ ಎಂದು ನಮ್ಮವರು ಕೇಳುವುದಿಲ್ಲ. “ಎಷ್ಟು ಜೊತೆ ಬಂದಿತ್ತು?” ಎಂದು ಕೇಳುತ್ತಾರೆ. ಇನ್ನೂರು ಜೊತೆ ಬಂದಿದ್ದರೆ ಅದು ನಿಜ. ಮೂರು ಜೊತೆ ಬಂದಿದ್ದರೆ ಅದು ಹೊಟ್ಟೆಕಿಚ್ಚು.

ಇನ್ನೂರು ಜೊತೆ ಬರುತ್ತಿದ್ದದ್ದು ಭಾಸ್ಕರಮೂರ್ತಿಯವರ ಮನೆಗೆ. ನಿವೃತ್ತರು, ಒಳ್ಳೆಯ ಅಕ್ಷರ, ಒಳ್ಳೆಯ ಮಾತು. ‘ಸುಪ್ರಭಾತ’ ಎಂಬ ಹೆಸರಿನಲ್ಲಿ ದಿನವೂ ಬೆಳಿಗ್ಗೆ ಏನಾದರೊಂದು ಬರೆಯುತ್ತಾರೆ. ಊರಿನ ಹೊಸ ಹೋಟೆಲ್ಲಿನ ಇಡ್ಲಿ ಮಲ್ಲಿಗೆಯಂತಿದೆ, ಹೊಸ ಬಟ್ಟೆ ಅಂಗಡಿಯ ಮಾಲೀಕರ ಮನಸ್ಸು ರೇಷ್ಮೆಯಂತಿದೆ. ಅವರು ತಿಂದ ಯಾವ ಇಡ್ಲಿಯೂ ಇವತ್ತಿನವರೆಗೆ ಗಟ್ಟಿಯಾಗಿಲ್ಲ. ಓದುವಾಗ ಹಿತವಾಗಿರುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ನಾನೂ ಓದಿದ್ದೇನೆ, ನನ್ನ ಚಪ್ಪಲಿಯೂ ಅಲ್ಲಿ ನಿಂತಿದೆ.

ನನ್ನ ಬಾಗಿಲಿಗೆ ಮೊದಲ ವರ್ಷ ಬರುತ್ತಿದ್ದದ್ದು ಎರಡೇ ಜೊತೆ. ಒಂದು ಎದುರುಮನೆಯ ವನಜಾಕ್ಷಿಯದು. ನೀಲಿ ಹವಾಯಿ ಚಪ್ಪಲಿ, ಎಡಗಾಲಿನದಕ್ಕೆ ಮಾತ್ರ ಕೆಂಪು ಬಾರು. ನೀಲಿ ಬಾರು ಕಿತ್ತುಹೋದಾಗ ಚಪ್ಪಲಿ ಹೊಲಿಯುವ ಚನ್ನಾಜಮ್ಮನ ಹತ್ತಿರ ಬೇರೆ ಬಣ್ಣ ಇರಲಿಲ್ಲವಂತೆ. ಇನ್ನೊಂದು ಜೊತೆ ಕೆಲವು ಸಲ ಬರುತ್ತಿತ್ತು, ಕೆಲವು ಸಲ ಇಲ್ಲ. ನಾನು ವಾರಕ್ಕೆ ಒಂದರಂತೆ ಬರೆಯುತ್ತಾ ಹೋದೆ. ಹೆಸರು ಹೇಳುತ್ತಾ ಹೋದೆ. ಎರಡು ಐದಾಯಿತು, ಐದು ಒಂಬತ್ತಾಯಿತು. ಮೂರು ವರ್ಷ ಕಳೆಯುವ ಹೊತ್ತಿಗೆ ಇಪ್ಪತ್ತೆರಡು ಜೊತೆ. ಒಂದೊಂದನ್ನೂ ಗುರುತು ಹಿಡಿಯುತ್ತಿದ್ದೆ. ಅವು ಸಾಲಾಗಿ ನಿಂತಾಗ ಬಾಗಿಲ ಸಂದಿಯಿಂದ ನೋಡುತ್ತಾ ನಿಲ್ಲುವ ರೋಗವೂ ಅಂಟಿಕೊಂಡಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಇಪ್ಪತ್ತೆರಡರಲ್ಲಿ ಹದಿನಾಲ್ಕು ಜೊತೆ ಫ್ಯಾಕ್ಟರಿ ಲೈನಿನವು, ಅಂದರೆ ಅಲ್ಲಿನ ಕೆಲಸಗಾರರ ಸಾಲುಮನೆಗಳವು. ನಮ್ಮ ಊರಿನಲ್ಲಿ ಇರುವುದು ಒಂದೇ ಫ್ಯಾಕ್ಟರಿ, ಅಲ್ಲಿ ತಯಾರಾಗುವುದು ‘ಬಿಸಿಧಾರೆ’ ಎಂಬ ಕಾಯಿಲ್, ಬಕೆಟ್ಟಿನಲ್ಲಿ ಮುಳುಗಿಸಿ ನೀರು ಕಾಯಿಸುವಂಥದ್ದು. ವನಜಾಕ್ಷಿಯ ಗಂಡ ಶಂಭುಲಿಂಗ ಅಲ್ಲಿ ಪ್ಯಾಕಿಂಗ್ ಸೂಪರ್‌ವೈಸರು. ಕಳೆದ ಮಳೆಗಾಲದಲ್ಲಿ ಯಾರೋ ಒಂದು ಬಿಸಿಧಾರೆ ತಂದುಕೊಟ್ಟು, “ಬಕೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ನೋಡಿ” ಎಂದರು. ಬಿಚ್ಚಿದೆ. ಪ್ಲಗ್ಗಿಗೆ ಮೂರು ಪಿನ್ನು ಇತ್ತು. ಒಳಗೆ ಬಂದಿದ್ದದ್ದು ಎರಡೇ ತಂತಿ. ಮೇಲಿನ ದಪ್ಪ ಪಿನ್ನು, ಅದೇ ಅರ್ಥಿಂಗಿನದು, ಕರೆಂಟು ಸೋರಿದರೆ ಮನುಷ್ಯನ ಮೈಗೆ ಹೋಗದ ಹಾಗೆ ನೆಲಕ್ಕೆ ಎಳೆದುಕೊಂಡು ಹೋಗಬೇಕಾದದ್ದು, ಅದು ಯಾವುದಕ್ಕೂ ತಗುಲಿಕೊಂಡಿರಲಿಲ್ಲ. ಸುಮ್ಮನೆ ಶೋಕಿಗೆ ನಿಲ್ಲಿಸಿದ್ದರು. ಅನುಮಾನವಾಗಿ ಅಂಗಡಿಯಿಂದ ಎರಡು ಹೊಸದನ್ನು ತಂದು ಬಿಚ್ಚಿದೆ. ಅವೂ ಹಾಗೇ ಇದ್ದವು.

ಆ ದಿನ ಸಿಟ್ಟಿನಲ್ಲಿ ಒಂದು ಬರಹ ಬರೆದೆ. “ಇದನ್ನು ಇವತ್ತೇ ಮನೆಯಿಂದ ಆಚೆ ಹಾಕಿ” ಎಂದು ಶುರುವಾಗುತ್ತಿತ್ತು. ಬರೆದು, ಬಾಗಿಲ ಕಡೆ ನೋಡಿದೆ. ಹದಿನಾಲ್ಕು ಜೊತೆ ಹೋದರೆ ಉಳಿಯುವುದು ಎಂಟು ಎಂದು ಲೆಕ್ಕ ಹಾಕಿದೆ. ಅವರ ಅನ್ನಕ್ಕೆ ಕಲ್ಲು ಹಾಕಬಾರದು ಎಂದು ನನಗೆ ನಾನೇ ದೊಡ್ಡ ಮಾತು ಹೇಳಿಕೊಂಡೆ. ನಿಜವಾಗಿ ಯೋಚಿಸುತ್ತಿದ್ದದ್ದು ಅವರ ಅನ್ನವನ್ನಲ್ಲ, ಅವರ ಚಪ್ಪಲಿಗಳನ್ನು. ಬರೆದದ್ದನ್ನು ಅಳಿಸಿ ಬೇರೆ ಬರೆದೆ. ‘ಮಳೆಗಾಲದಲ್ಲಿ ಕಾಯಿಲ್ ಬಳಸುವಾಗ’ ಎಂಬ ತಲೆಬರಹ. ಕಂಪನಿಯ ಹೆಸರಿಲ್ಲ. ಸ್ವಲ್ಪ ಜಾಗ್ರತೆ ಇರಲಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ನಿಂತರೆ ಒಳ್ಳೆಯದು ಎಂದು ಕೊನೆಯ ಸಾಲು. ಆ ದಿನ ನನ್ನ ಬಾಗಿಲಿಗೆ ನಲವತ್ತೊಂದು ಜೊತೆ ಬಂತು. ಅದರಲ್ಲಿ ಫ್ಯಾಕ್ಟರಿ ಯಜಮಾನರ ಪಾಲಿಷ್ ಮಾಡಿದ ಕಪ್ಪು ಬೂಟೂ ಇತ್ತು. ನಾನು ಹೊಸ ತಗಡು ಹೊದಿಸಿದೆ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ, ಇಸ್ತ್ರಿಪೆಟ್ಟಿಗೆಗಳ ಬಗ್ಗೆ ಒಂದು ಬರಹ ಹಾಕಿ ಬಾಗಿಲಲ್ಲಿ ನಿಂತಿದ್ದೆ. ಎಲ್ಲರಿಗಿಂತ ಮೊದಲು ವನಜಾಕ್ಷಿಯ ನೀಲಿ ಚಪ್ಪಲಿ ಬಂತು. ನನಗೆ ಖುಷಿಯಾಯಿತು. ಚಪ್ಪಲಿ ಒದ್ದೆಯಾಗಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಮಳೆಯಿಲ್ಲದ ದಿನ ಯಾಕೆ ಒದ್ದೆ ಎಂದು ಯೋಚಿಸಬೇಕಿತ್ತು. ಪಾತ್ರೆ ತೊಳೆಯುತ್ತಾ ಓದುತ್ತಿದ್ದಾಳೆ ಪಾಪ, ಎಂಥ ಓದುಗಾರ್ತಿ ಎಂದುಕೊಂಡೆ. ಅಷ್ಟರಲ್ಲಿ ಎದುರುಮನೆಯಿಂದ ಕೂಗು ಕೇಳಿಸಿತು.

ಆದದ್ದು ಇಷ್ಟು. ವನಜಾಕ್ಷಿ ನನ್ನ ಮಳೆಗಾಲದ ಬರಹವನ್ನು ಪೂರ್ತಿ ಓದಿದ್ದಳು, ನಂಬಿದ್ದಳು. ಅತ್ತೆಗೆ ರಬ್ಬರ್ ಚಪ್ಪಲಿ ಇರಲಿಲ್ಲ, ಅವರದು ಚರ್ಮದ್ದು. ಅದಕ್ಕೆ ಸ್ನಾನಕ್ಕೆ ಹೋಗುವಾಗ ದಿನವೂ ತನ್ನದನ್ನೇ ಕೊಡುತ್ತಿದ್ದಳು. ಆ ಬೆಳಿಗ್ಗೆಯೂ ಪುಟ್ಟತಾಯಮ್ಮ ಸೊಸೆಯ ಚಪ್ಪಲಿ ಮೆಟ್ಟಿಕೊಂಡು ಬಚ್ಚಲಿನಲ್ಲಿ ಬಕೆಟ್ಟಿಗೆ ಕೈ ಇಟ್ಟರು. ಸೊಸೆ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತಾ ಫೋನು ತೆಗೆದು ನನ್ನ ಹೊಸ ಬರಹ ತೆರೆದಳು. ಚಪ್ಪಲಿ ಯಾರ ಕಾಲಿನಲ್ಲಿದ್ದರೇನು, ಅವಳದು ತಾನೆ. ಅತ್ತೆಯ ಕಾಲಿನಿಂದ ಕಳಚಿಕೊಂಡು ನನ್ನ ಬಾಗಿಲಿಗೆ ಬಂತು. ಮುದುಕಿ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತುಬಿಟ್ಟರು. ಶಾಕ್ ಹೊಡೆದು ಬಚ್ಚಲ ಕಲ್ಲಿನ ಮೇಲೆ ಬಿದ್ದರು. ಕೈ ಮುರಿಯಿತು, ಜೀವ ಉಳಿಯಿತು. ನಾನು ನೋಡಿ ಖುಷಿಪಟ್ಟ ಆ ನೀರು ಅವರು ಮೈಮೇಲೆ ಹುಯ್ದುಕೊಂಡಿದ್ದ ನೀರು.

ಮೂರನೇ ದಿನ ಭಾಸ್ಕರಮೂರ್ತಿಯವರ ‘ಸುಪ್ರಭಾತ’ದಲ್ಲಿ ‘ಸೊಸೆಯ ಓದು’ ಎಂಬ ಬರಹ ಬಂತು. ಓದಿದೆ, ಮೈ ಉರಿದುಹೋಯಿತು. ಹಿಂದಿನ ಕಾಲದಲ್ಲಿ ಹಿರಿಯರು ಸ್ನಾನಕ್ಕೆ ಹೋದರೆ ಮನೆಯ ಹೆಣ್ಣುಮಕ್ಕಳು ಬಾಗಿಲ ಬಳಿ ನಿಂತಿರುತ್ತಿದ್ದರಂತೆ. ಈಗ ಫೋನು ಹಿಡಿದು ಕೂರುತ್ತಾರಂತೆ. ಯಂತ್ರಕ್ಕೆ ತಪ್ಪು ಗೊತ್ತಿಲ್ಲವಂತೆ, ತಪ್ಪೇನಿದ್ದರೂ ಮನುಷ್ಯರದಂತೆ. ಕಾಯಿಲ್ ಎಂಬ ಪದ ಒಂದೇ ಒಂದು ಸಲ ಬಂದಿತ್ತು, ಅದೂ ‘ನಮ್ಮ ಊರಿನ ಹೆಮ್ಮೆಯ’ ಎಂಬ ವಿಶೇಷಣದ ಜೊತೆಗೆ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಎಲ್ಲರೂ ಅದನ್ನು ತೆರೆದಿಟ್ಟುಕೊಳ್ಳಬೇಕೆಂದು ಹೇಳಿದ್ದರು. ಮುನ್ನೂರಕ್ಕೂ ಹೆಚ್ಚು ಜೊತೆ ಅವರ ಗೇಟಿನಿಂದ ರಸ್ತೆಯವರೆಗೆ ನಿಂತಿದ್ದವು. ಮೊದಲನೇ ಸಾಲಿನಲ್ಲಿ ಶಂಭುಲಿಂಗನ ಬೂಟು. ಮುನ್ನೂರು ಜೊತೆ ಬಂದ ಮೇಲೆ ಇನ್ನೇನು, ವನಜಾಕ್ಷಿ ಅತ್ತೆಯನ್ನು ಕೊಲ್ಲಲು ಹೋದವಳು ಎಂಬುದು ನಲ್ಲಿಯ ಹತ್ತಿರ, ರೇಷನ್ ಅಂಗಡಿಯ ಹತ್ತಿರ ತೀರ್ಮಾನವಾಗಿಹೋಯಿತು.

ಅವಳು ಆ ಸಾಯಂಕಾಲ ನನ್ನ ಅಂಗಡಿಗೆ ಬಂದಳು. ಅಳುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂರಲೂ ಇಲ್ಲ.

“ಕುಸುಮಕ್ಕ, ಒಂದು ಮಾತು ಕೇಳ್ತೀನಿ. ಮಳೆಗಾಲದಲ್ಲಿ ಆ ಕಾಯಿಲ್ ಬಿಚ್ಚಿದ್ರಲ್ಲ, ಒಳಗೆ ಏನಿತ್ತು?”

ಮೇಜಿನ ಕೆಳಗಿನ ಡಬ್ಬದಲ್ಲಿದ್ದ ಆ ಪ್ಲಗ್ಗನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ದಪ್ಪ ಪಿನ್ನನ್ನು ಅಲ್ಲಾಡಿಸಿದಳು. ಅದು ಹಿಂದಿನಿಂದ ಸಲೀಸಾಗಿ ಹೊರಗೆ ಬಂತು.

“ಇದು ಆವತ್ತೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಮತ್ತೆ ಜಾಗ್ರತೆ ಅಂತ ಬರ್ದ್ರಿ. ಚಪ್ಪಲಿ ಹಾಕ್ಕೊಳಿ ಅಂತ ಬರ್ದ್ರಿ.”

“ತಪ್ಪಾಯ್ತು ವನಜಾ.”

“ಮೂರ್ತಿಗಳು ಸುಳ್ಳು ಬರೀತಾರೆ ಅಂತ ನಂಗೆ ಮೊದಲಿಂದ ಗೊತ್ತಕ್ಕ. ಅದಕ್ಕೇ ಅವರದು ನಂಬ್ತಿರ್ಲಿಲ್ಲ. ನಿಮ್ಮದು ನಂಬ್ದೆ.” ಪ್ಲಗ್ಗನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಭಾಸ್ಕರಮೂರ್ತಿಯವರ ಮನೆಗೆ ಹೋದದ್ದು. ಮೂರು ಪ್ಲಗ್ಗುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಚಪ್ಪಲಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಪ್ಲಗ್ಗುಗಳನ್ನು ನೋಡಿದರು, ಕೈಗೆ ತೆಗೆದುಕೊಳ್ಳಲಿಲ್ಲ.

“ನೋಡಮ್ಮ, ನನಗೆ ಟೆಕ್ನಿಕಲ್ ವಿಷಯ ತಿಳಿಯಲ್ಲ. ನಾನು ಬರೆಯೋದು ಮೌಲ್ಯದ ಬಗ್ಗೆ.”

“ಸಾರ್, ನೀವು ಒಂದು ಹೆಣ್ಣುಮಗಳ ಹೆಸರು ಕೆಡಿಸಿದೀರಿ. ಇದು ನೋಡಿದ ಮೇಲಾದ್ರೂ ಎರಡು ಸಾಲು ಬರೀರಿ.”

“ಎಷ್ಟು ಜನ ಓದ್ತಾರೆ ನಿಮ್ಮನ್ನ?” ಎಂದು ಕೇಳಿದರು, ಬಹಳ ಮೃದುವಾಗಿ. “ಇಪ್ಪತ್ತೋ ಮೂವತ್ತೋ? ನನ್ನನ್ನ ಮುನ್ನೂರು ಜನ ಓದ್ತಾರೆ. ನನಗೆ ಅವರ ಜವಾಬ್ದಾರಿ ಇದೆ. ಬೆಳಿಗ್ಗೆ ಎದ್ದ ತಕ್ಷಣ ಅವರ ಮನಸ್ಸು ಕೆಡಿಸೋಕಾಗಲ್ಲ. ಕಾಫಿ ಕುಡೀತೀರಾ?”

ನಾನು ಕಾಫಿ ಕುಡಿಯದೆ ಬಂದೆ. ಬರುವ ದಾರಿಯಲ್ಲಿ, ಮೂರ್ತಿಗಳ ಗೇಟಿನ ಎದುರಿನ ಮರದ ಕೆಳಗೇ, ಚನ್ನಾಜಮ್ಮ ಕೂತು ಹೊಲಿಯುತ್ತಿದ್ದರು. ಅರವತ್ತು ದಾಟಿದವರು, ಊರಿನ ಪ್ರತಿಯೊಂದು ಚಪ್ಪಲಿಯನ್ನೂ ಬಲ್ಲವರು. ಪಕ್ಕದಲ್ಲಿ ‘ರಿಪೇರಿಗೆ ಕೊಟ್ಟು ಓದಬಾರದು’ ಎಂದು ಬೋರ್ಡು, ಹೊಲಿಯುತ್ತಿರುವ ಚಪ್ಪಲಿ ಸೂಜಿ ಸಮೇತ ಮಾಯವಾಗುವ ಕಾಟಕ್ಕೆ ಬರೆಸಿದ್ದು. ಅವರಿಗೆ ಓದಲು ಬರುವುದಿಲ್ಲ. ಹೊಲಿಗೆ ಮುಗಿದ ಗಿರಾಕಿಗಳು ಕೂತು ಏನಾದರೂ ಓದಿ ಹೇಳುತ್ತಾರೆ. ಓದಿದವರ ಚಪ್ಪಲಿ ಹೋಗುತ್ತದೆ, ಕೇಳಿದವರದು ಹೋಗುವುದಿಲ್ಲ.

ನಾನು ಅವರೆದುರು ಕೂತು ನನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದೆ. ಅವರು ದಾರ ಎಳೆಯುತ್ತಾ ಕೇಳಿಸಿಕೊಂಡರು.

“ಮುನ್ನೂರು ಅಂದನಾ? ಆ ಎಡಗಡೆ ಸಾಲು ನೋಡವ್ವ. ಕಂದು ಬಣ್ಣದ್ದು, ಹೆಬ್ಬೆಟ್ಟಿನ ಹತ್ರ ಎರಡು ಹೊಲಿಗೆ. ನಾನೇ ಹಾಕಿದ್ದು. ಡ್ರಿಲ್ ಮೇಷ್ಟ್ರುದು. ಮೇಷ್ಟ್ರು ಹೋಗಿ ಎರಡು ವರ್ಷ ಆಯ್ತು. ಅದರ ಹಿಂದೆ ಅಂಚೆ ಕಮಲಮ್ಮಂದು. ಅವಳೂ ಇಲ್ಲ. ಗುಜರಿಯವನ ಹತ್ರ ಚೀಲದಲ್ಲಿ ತರಿಸ್ತಾನೆ. ಅರ್ಧಕ್ಕರ್ಧ ಹಂಗೇ.”

ನಾನು ಎದ್ದು ನಿಂತೆ. “ಇದನ್ನ ಬರೀತೀನಿ. ಇವತ್ತೇ ಬರೀತೀನಿ. ಸತ್ತೋರ ಚಪ್ಪಲಿ ಇಟ್ಕೊಂಡು ನಂಗೆ ಲೆಕ್ಕ ಹೇಳ್ತಾರೆ ಇವರು.”

“ಬರಿ. ಯಾರು ಬೇಡ ಅಂದ್ರು.” ಅವರು ತಲೆ ಎತ್ತಲಿಲ್ಲ. “ನಿನ್ನ ಬಾಗಿಲಲ್ಲಿ ಬಲಗಡೆ ಮೂಲೇಲಿ ಒಂದು ಜೊತೆ ಯಾವಾಗ್ಲೂ ಇರುತ್ತಲ್ಲ, ಹಸಿರು ಹೂವಿನದು. ಅದು ನಿಮ್ಮಮ್ಮಂದು ಅಲ್ವಾ?”

ಹೌದು, ಅದು ಅಮ್ಮನದು. ಅಮ್ಮ ತೀರಿಕೊಂಡು ಆರು ವರ್ಷ. ಮೊದಲ ವರ್ಷ, ಎರಡೇ ಜೊತೆ ಬರುತ್ತಿದ್ದ ದಿನಗಳಲ್ಲಿ, ಬಾಗಿಲು ಬೋಳಾಗಿ ಕಾಣುತ್ತದೆಂದು ಪೆಟ್ಟಿಗೆಯಿಂದ ತೆಗೆದು ಇಟ್ಟಿದ್ದೆ. ಆಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಇಪ್ಪತ್ತೆರಡು ಎಂದು ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆನಲ್ಲ, ಈ ಬರಹದಲ್ಲಿ ಮೇಲೆ ನಿಮಗೂ ಹೇಳಿದೆನಲ್ಲ, ಅದು ಇಪ್ಪತ್ತೊಂದು.

ಮನೆಗೆ ಬಂದು ಮೊದಲು ಅಮ್ಮನ ಚಪ್ಪಲಿ ತೆಗೆದು ಒಳಗಿಟ್ಟೆ. ಆಮೇಲೆ ಬರೆಯಲು ಕೂತೆ. ಮೂರ್ತಿಗಳ ಗುಜರಿ ಚೀಲದ ಬಗ್ಗೆ ಬರೆಯಲು ಕೈ ತುರಿಸುತ್ತಿತ್ತು. ಬರೆದಿದ್ದರೆ ಊರೆಲ್ಲ ಆ ತಮಾಷೆಯ ಹಿಂದೆ ಹೋಗುತ್ತಿತ್ತು, ಕಾಯಿಲ್ ಬಕೆಟ್ಟಿನಲ್ಲೇ ಇರುತ್ತಿತ್ತು. ಅದಕ್ಕೆ ಅದನ್ನು ಬಿಟ್ಟೆ. ‘ದಪ್ಪ ಪಿನ್ನು’ ಎಂದು ತಲೆಬರಹ ಹಾಕಿದೆ. ಬಿಸಿಧಾರೆ ಎಂದು ಹೆಸರು ಬರೆದೆ. ಮೂರು ಪ್ಲಗ್ಗುಗಳ ಫೋಟೊ ಹಾಕಿದೆ. ಮಳೆಗಾಲದಲ್ಲೇ ನನಗೆ ಇದು ಗೊತ್ತಿತ್ತು, ಓದುಗರು ಹೋಗುತ್ತಾರೆಂಬ ಭಯಕ್ಕೆ ಮುಚ್ಚಿಟ್ಟೆ, ನನ್ನನ್ನು ನಂಬಿದ ಸೊಸೆ ಅತ್ತೆಗೆ ತನ್ನ ಚಪ್ಪಲಿ ಕೊಟ್ಟಳು, ಅವಳು ಓದುತ್ತಿದ್ದದ್ದು ನನ್ನ ಬರಹ, ತಪ್ಪು ಅವಳದಲ್ಲ, ಮೊದಲು ಕಂಪನಿಯದು, ಆಮೇಲೆ ನನ್ನದು ಎಂದು ಬರೆದೆ. ಕಾಯಿಲ್ ಬಳಸಬೇಡಿ, ತಂದುಕೊಡಿ, ಬಿಚ್ಚಿ ತೋರಿಸುತ್ತೇನೆ ಎಂದು ಮುಗಿಸಿದೆ.

ಇವತ್ತು ಬೆಳಿಗ್ಗೆ ಏಳು ಗಂಟೆಗೆ ಅದನ್ನು ಹಾಕಿದೆ. ಹಾಕಿ ಬಾಗಿಲು ತೆರೆದು ಕೂತೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಫ್ಯಾಕ್ಟರಿಯ ಕಡೆಯ ಒಬ್ಬ ಆಳು ನೋಟ್‌ಬುಕ್ ಹಿಡಿದು ಆಗಲೇ ಬಂದು ಕೂತಿದ್ದ. ನಾನು ಏನೋ ಬರೆಯುತ್ತೇನೆಂದು ಮೂರ್ತಿಗಳು ತಿಳಿಸಿದ್ದಿರಬೇಕು. ಯಾರ ಚಪ್ಪಲಿ ಬರುತ್ತದೆ ಎಂದು ಬರೆದುಕೊಳ್ಳಲು ಬಂದವನು.

ಏಳೂವರೆಯಾಯಿತು. ಏಳೆಂಟು ಜೊತೆ ಬಂದಂತೆ ಕಂಡು, ನೆಲ ಮುಟ್ಟದೆ ಹೋದವು. ತಲೆಬರಹ ನೋಡಿ ಹೆದರಿದ್ದರು. ಎಂಟಕ್ಕೆ ಒಂದೇ ಒಂದು ಜೊತೆ ಬಂದು ನಿಂತಿತು. ನೀಲಿ ಹವಾಯಿ, ಎಡಗಾಲಿಗೆ ಕೆಂಪು ಬಾರು. ಬೆಂಚಿನ ಮೇಲಿದ್ದವನು ಪೆನ್ನು ತೆಗೆದು ಬರೆದುಕೊಂಡ. ಮತ್ತೆ ಯಾರೂ ಬರಲಿಲ್ಲ.

ನನಗೆ ಎಷ್ಟು ಸಿಟ್ಟು ಬಂತೆಂದರೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿದೆ. ನಾಲ್ಕು ವರ್ಷ ಇವರಿಗಾಗಿ ಬರೆದೆ. ಸುಳ್ಳು ಬರೆದ ದಿನ ನಲವತ್ತೊಂದು ಜೊತೆ, ನಿಜ ಬರೆದ ದಿನ ಒಂದು. ಅದೂ ಯಾರದು, ಯಾರಿಗೆ ನಾನು ಅನ್ಯಾಯ ಮಾಡಿದೆನೋ ಅವಳದು. ಓದಿದರೆ ನಿಮ್ಮ ಗಂಟೇನು ಹೋಗುತ್ತದೆ, ನಿಮ್ಮ ಮನೆಯ ಬಚ್ಚಲಿನಲ್ಲೂ ಅದೇ ಬಕೆಟ್ಟಿದೆಯಲ್ಲ ಎಂದು ಬೀದಿಯಲ್ಲಿ ನಿಂತು ಕೂಗಬೇಕೆನಿಸಿತು.

ಒಂಬತ್ತೂವರೆಗೆ ಹಿಂದಿನ ಬೀದಿಯ ಒಬ್ಬ ಹೆಂಗಸು ಬಂದಳು. ಸೆರಗಿನ ಮರೆಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಕಾಯಿಲ್. “ಸುಮ್ನೆ ಒಂದ್ಸಲ ನೋಡಿ ಅಮ್ಮ” ಎಂದಳು. ಬಿಚ್ಚಿ ತೋರಿಸಿದೆ. ದಪ್ಪ ಪಿನ್ನು ಕೈಗೆ ಬಂತು.

“ನೀವು ಓದಿದ್ರಾ?” ಎಂದು ಕೇಳಿದೆ. ಅವಳ ಚಪ್ಪಲಿ ಅವಳ ಕಾಲಿನಲ್ಲೇ ಇತ್ತು, ಬೆಳಿಗ್ಗೆಯಿಂದ ನನ್ನ ಬಾಗಿಲಿಗೆ ಬಂದಿರಲಿಲ್ಲ.

“ನಾನೆಲ್ಲಿ ಓದ್ಲಿ. ಕೇಳ್ದೆ.”

ಅವಳು ಹೋಗುವ ಮುಂಚೆ ಇನ್ನಿಬ್ಬರು ಬಂದರು. ಒಬ್ಬ ಮುದುಕ ಚೀಲದಲ್ಲಿ, ಇನ್ನೊಬ್ಬಳು ಟಿಫಿನ್ ಕ್ಯಾರಿಯರ್ ಬುಟ್ಟಿಯಲ್ಲಿ ಕಾಯಿಲ್ ತಂದಿದ್ದರು. ಎಲ್ಲರೂ ಹಿತ್ತಿಲ ಬಾಗಿಲಿನಿಂದ ಬಂದರು. ಯಾರೂ ಓದಿರಲಿಲ್ಲ, ಎಲ್ಲರೂ ಕೇಳಿದ್ದರು. ಹನ್ನೆರಡು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಇಪ್ಪತ್ತಾರು ಕಾಯಿಲುಗಳು ಬಿದ್ದಿದ್ದವು. ಮುಂಬಾಗಿಲಲ್ಲಿ ಮಾತ್ರ ಅದೇ ಒಂದು ಜೊತೆ, ಎಂಟು ಗಂಟೆಯಿಂದ ಅಲುಗದೆ ನಿಂತಿತ್ತು. ನನ್ನ ಬರಹ ಓದಲು ಹತ್ತು ನಿಮಿಷ ಸಾಕು. ಇವಳು ನಾಲ್ಕು ತಾಸಿನಿಂದ ಏನು ಓದುತ್ತಿದ್ದಾಳೆ ಎಂಬುದು ಆಗ ನನಗೆ ಹೊಳೆಯಿತು.

ಹನ್ನೆರಡೂವರೆಗೆ ವನಜಾಕ್ಷಿ ಬಂದಳು. ಹಿತ್ತಿಲಿನಿಂದಲ್ಲ, ನೋಟ್‌ಬುಕ್ಕಿನವನ ಎದುರಿನಿಂದ, ಮುಂಬಾಗಿಲಿಗೇ ಬಂದಳು. ಬರಿಗಾಲು. ಟಾರು ರಸ್ತೆಯಲ್ಲಿ ನಡೆದು ಪಾದದ ಅಂಚೆಲ್ಲ ಕೆಂಪಾಗಿ ಬೊಕ್ಕೆ ಎದ್ದಿತ್ತು. ಕೈಯಲ್ಲಿ ಫೋನು, ಪುಟ ತೆರೆದೇ ಇತ್ತು. ಗಂಟಲು ಕಟ್ಟಿಹೋಗಿತ್ತು.

“ನೀರು ಕೊಡಿ ಅಕ್ಕ.”

ಕೊಟ್ಟೆ. ಒಂದೇ ಉಸಿರಿಗೆ ಕುಡಿದಳು.

“ಎಷ್ಟು ಮನೆಗೆ ಹೋಗಿದ್ದೆ?”

“ಲೆಕ್ಕ ಇಟ್ಟಿಲ್ಲ. ಮೊದಲು ಅತ್ತೆಗೆ ಓದಿ ಹೇಳ್ದೆ. ಎರಡು ಸಲ ಓದಿಸಿಕೊಂಡ್ರು. ಆಮೇಲೆ ಹೋಗು, ಎಲ್ಲರಿಗೂ ಹೇಳು ಅಂದ್ರು. ಅವರೇ ಅಂದಿದ್ದು.” ಸ್ವಲ್ಪ ಸುಧಾರಿಸಿಕೊಂಡಳು. “ಫ್ಯಾಕ್ಟರಿ ಲೈನಲ್ಲಿ ಬಾಗಿಲು ಹಾಕ್ಕೊಂಡ್ರು. ಹೊರಗೆ ನಿಂತು ಗಟ್ಟಿಯಾಗಿ ಓದ್ದೆ.”

“ಶಂಭು ಏನಂದ?”

“ಹತ್ತು ಗಂಟೆಗೆ ಅವರಿಗೆ ಮನೆಗೆ ಹೋಗು ಅಂದ್ರಂತೆ. ನಾಳೆಯಿಂದ ಬರೋದು ಬೇಡ ಅಂತ. ಬಂದು ಜಗಲಿ ಮೇಲೆ ಕೂತಿದ್ರು. ಅವರಿಗೂ ಓದಿದೆ. ಎದ್ದು ಹೋಗಿ ಬಚ್ಚಲಲ್ಲಿದ್ದ ಕಾಯಿಲ್ ತೆಗೆದು ಆಚೆ ಎಸೆದ್ರು.”

ನಾನು ಬಾಗಿಲಲ್ಲಿದ್ದ ಅವಳ ಚಪ್ಪಲಿಯನ್ನು ತೋರಿಸಿದೆ. “ಸಾಕು, ಮೆಟ್ಟಿಕೋ. ಕಾಲು ನೋಡು ಏನಾಗಿದೆ.”

“ಬೇಡ. ಮೆಟ್ಟಿದ್ರೆ ಪುಟ ಮುಚ್ಚಿಕೊಂಡುಬಿಡುತ್ತೆ. ಫ್ಯಾಕ್ಟರಿಯವರು ನಿಮ್ಮದನ್ನ ತೆಗೆಸಿಬಿಡ್ತಾರಂತೆ, ಆಗಲೇ ಕಂಪ್ಲೇಂಟ್ ಕೊಟ್ಟಿದಾರಂತೆ. ಮುಚ್ಚಿಕೊಂಡ್ರೆ ಮತ್ತೆ ತೆರೆಯುತ್ತೋ ಇಲ್ವೋ.” ಲೋಟ ಕೆಳಗಿಟ್ಟಳು. “ಇನ್ನೂ ಕೆರೆ ಬೀದಿ ಇದೆ, ಹಾಸ್ಟೆಲ್ ಇದೆ.”

ನನ್ನ ಕಾಲಿನಲ್ಲಿದ್ದ ಚಪ್ಪಲಿ ಬಿಚ್ಚಿ ಅವಳ ಮುಂದೆ ಇಟ್ಟೆ.

“ನನ್ನವು ಹಾಕ್ಕೊಂಡು ಹೋಗು.”

ಅವಳು ಚಪ್ಪಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಅರ್ಥವಾಯಿತು. ಅವಳೂ ಅತ್ತೆಗೆ ಹೀಗೇ ತನ್ನ ಚಪ್ಪಲಿ ಕೊಟ್ಟಿದ್ದಳು.

“ನೀನು ವಾಪಸು ಬರೋವರೆಗೂ ನಾನು ಒಂದಕ್ಷರ ಓದಲ್ಲ” ಎಂದೆ.

ಅವಳು ಮೆಟ್ಟಿಕೊಂಡಳು. ಒಂದು ಬೆರಳಿನಷ್ಟು ದೊಡ್ಡದಾಗಿತ್ತು. ಎಳೆದುಕೊಂಡು ಹೆಜ್ಜೆ ಹಾಕುತ್ತಾ ನೋಟ್‌ಬುಕ್ಕಿನವನ ಮುಂದಿನಿಂದಲೇ ಕೆರೆ ಬೀದಿಯ ಕಡೆ ಹೋದಳು.

ಅವಳು ತಿರುವು ದಾಟುತ್ತಿದ್ದಂತೆ ನನ್ನ ಫೋನು ಶಬ್ದ ಮಾಡಿತು. ‘ಸುಪ್ರಭಾತ’ದಲ್ಲಿ ಹೊಸ ಬರಹ, ಮಧ್ಯಾಹ್ನದಲ್ಲಿ. ತಲೆಬರಹದಲ್ಲಿ ನನ್ನ ಹೆಸರಿತ್ತು, ಅಷ್ಟು ಮಾತ್ರ ಕಣ್ಣಿಗೆ ಬಿತ್ತು. ಫೋನನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದೆ. ಬರೆಯುವುದಕ್ಕೆ ಅಡ್ಡಿಯಿಲ್ಲವಲ್ಲ, ಅದಕ್ಕೆ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಪೆನ್ನಿನಿಂದ ಇದನ್ನು ಬರೆಯುತ್ತಾ ಕೂತಿದ್ದೇನೆ. ಡಬ್ಬದೊಳಗೆ ಅದು ಮತ್ತೆ ಮತ್ತೆ ಶಬ್ದ ಮಾಡುತ್ತಿದೆ. ಅವರು ನನ್ನ ಬಗ್ಗೆ ಏನು ಬರೆದಿದ್ದಾರೋ, ಎಷ್ಟು ಜೊತೆ ಬಂದಿದೆಯೋ, ನನ್ನಂಥ ಸಿಟ್ಟಿನ ಹೆಂಗಸಿಗೆ ತಡೆದುಕೊಳ್ಳುವುದು ಎಷ್ಟು ಕಷ್ಟವೆಂದು ನನಗೊಬ್ಬಳಿಗೇ ಗೊತ್ತು. ಈಗ ನಾಲ್ಕು ಗಂಟೆ. ವನಜಾಕ್ಷಿ ಇನ್ನೂ ಬಂದಿಲ್ಲ. ನಾನು ಇನ್ನೂ ಓದಿಲ್ಲ.